ವಾಪಸ್ ಬಸ್ ಎಷ್ಟೊತ್ತಿಗೆ?

ನಮ್ಮ ಮನೆಯಲ್ಲಿ ಕಾರಿಲ್ಲ. ಊರು ಸುತ್ತಲು ಹೊರಟರೆ ನಾವು ಮೊದಲು ವಿಚಾರಿಸುವುದು ವಾಪಸ್ ಬಸ್ಸಿನ ಹೊತ್ತು. ಮೈಸೂರಿನಿಂದ ಚಾಮರಾಜನಗರಕ್ಕೆ ರೈಲಿದೆ, ಗುಂಡ್ಲುಪೇಟೆಗೆ ಬಸ್ಸೇ ಗತಿ. ಆದರೂ ಮಂಡಿನೋವಿನ ಅವ್ವನ ಜೊತೆ ಹೊರಟರೆ ನಮ್ಮ ಓಟು ಗುಂಡ್ಲುಪೇಟೆಗೇ. ಅಲ್ಲಿಂದ ಹಂಗಳದ ಮೇಲೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬುಡಕ್ಕೆ ಹೋದರೆ, ಮುಂದಕ್ಕೆ ಖಾಸಗಿ ವಾಹನ ಬಿಡುವುದಿಲ್ಲ. ಎಲ್ಲರೂ ಸರ್ಕಾರಿ ಬಸ್ಸನ್ನೇ ಹತ್ತಬೇಕು. "ಕಾರ್ನೋರೂ ನಮ್ ಜೊತೆನೇ ನಿಂತವ್ರಲ್ಲಪ್ಪ" ಅಂತ ಅವ್ವನಿಗೆ ಖುಷಿಯೋ ಖುಷಿ. ದರ್ಶನ ಆಮೇಲಿನ ಮಾತು!

ಊಟಿ, ವಯನಾಡಿನ ಆಸೆಯಿದ್ದರೆ ಮಾತ್ರ ಬೆಳಿಗ್ಗೆಯೇ ಹೊರಡಿ. ಬಂಡೀಪುರದ ಕಾಡುದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಹುತೇಕ ವಾಹನಗಳಿಗೆ ಬಂದ್. ಬೆಟ್ಟಕ್ಕೆ ಹೋದವರು ಇಳಿದ ಕೂಡಲೇ ಕೊನೇ ಬಸ್ ಯಾವಾಗ ಅಂತ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ.