ನೀರಿನಡಿಯ ವಿಜಯಪುರಿ

ಆಂಧ್ರ ಮತ್ತು ತೆಲಂಗಾಣಗಳ ಗಡಿಯಲ್ಲಿ ಕೃಷ್ಣಾನದಿಗೆ ಅಡ್ಡಲಾಗಿ ಕಟ್ಟಿದ ನಾಗಾರ್ಜುನಸಾಗರದ ಒಡಲಲ್ಲಿ ಒಂದು ದ್ವೀಪವಿದೆ. ದೋಣಿಯೇರಿ ಅಲ್ಲಿಗೆ ಸಾಗುವ ಪ್ರವಾಸಿಗರ ಕೆಳಗೆ, ನೀರಿನ ಆಳದಲ್ಲಿ, ಒಂದು ರಾಜಧಾನಿಯ ನೆಲವಿದೆ. ಅದು ಕ್ರಿ.ಶ. 3ನೆಯ ಶತಮಾನದ ಇಕ್ಷ್ವಾಕು ಅರಸರ ವಿಜಯಪುರಿ. ಸ್ತೂಪ, ವಿಹಾರ, ದೇವಾಲಯ, ಸ್ನಾನಘಟ್ಟ, ಬಯಲು ರಂಗಮಂದಿರಗಳಿಂದ ತುಂಬಿದ್ದ ಕಣಿವೆಯದು. ಇಂದು ದ್ವೀಪವೆನಿಸಿರುವುದು ಅಂದಿನ ನಾಗಾರ್ಜುನಕೊಂಡದ ನೆತ್ತಿ ಮಾತ್ರ.

ಅಣೆಕಟ್ಟಿಗೆ 1955ರಲ್ಲಿ ಶಂಕುಸ್ಥಾಪನೆಯಾಯಿತು. ಕಣಿವೆ ಮುಳುಗುವ ಮುನ್ನ, 1954ರಿಂದ 1960ರವರೆಗೆ, ಪುರಾತತ್ತ್ವ ಇಲಾಖೆಯು ವ್ಯಾಪಕ ಉತ್ಖನನ ನಡೆಸಿತು. ಕೆಲವು ಕಟ್ಟಡಗಳನ್ನು ಬೆಟ್ಟದ ಮೇಲೂ ದಡದ ಅನುಪು ಎಂಬಲ್ಲಿಯೂ ಮರಳಿ ನಿಲ್ಲಿಸಲಾಯಿತು. ಶಿಲ್ಪಗಳೂ ಶಾಸನಗಳೂ ಬೆಟ್ಟದ ವಸ್ತುಸಂಗ್ರಹಾಲಯವನ್ನು ಸೇರಿದವು.

ಈ ಕಣಿವೆಯಲ್ಲಿ ದೊರೆತ ಪ್ರಾಕೃತ ಶಾಸನವೊಂದು ಕನ್ನಡ ಓದುಗರಿಗೆ ವಿಶೇಷವಾದುದು. ಇಕ್ಷ್ವಾಕು ದೊರೆ ವೀರಪುರುಷದತ್ತನ ಮಗಳು ಕೊಡಬಲಿಸಿರಿ ವನವಾಸದ, ಎಂದರೆ ಇಂದಿನ ಬನವಾಸಿಯ, ಮಹಾರಾಜನ ರಾಣಿ. ಆಕೆ ತವರುನೆಲದಲ್ಲಿ ಬೌದ್ಧ ಆಚಾರ್ಯರಿಗಾಗಿ ವಿಹಾರ ಕಟ್ಟಿಸಿದಳೆಂದು ಅದು ಸಾರುತ್ತದೆ. ಹದಿನೇಳು ಶತಮಾನಗಳ ಹಿಂದೆಯೇ ಕೃಷ್ಣೆಯ ಕಣಿವೆಗೂ ಬನವಾಸಿಗೂ ಬೀಗತನವಿತ್ತು; ಇಂದಿನ ರಾಜ್ಯಗಡಿಗಳು ಆಗ ಹುಟ್ಟಿರಲಿಲ್ಲ.

ಅಣೆಕಟ್ಟು ಹೊಲಗಳಿಗೆ ನೀರುಣಿಸಿತು. ಕಣಿವೆಯ ಹಳ್ಳಿಗರು ಮಾತ್ರ ನೆಲೆ ತೊರೆದರು. ರಾಣಿಯ ಹೆಸರು ಕಲ್ಲಿನಲ್ಲಿದ್ದುದರಿಂದ ಉಳಿಯಿತು, ಆ ಒಕ್ಕಲುಗಳ ಹೆಸರಿಗೆ ಅಂಥ ಕಲ್ಲಿರಲಿಲ್ಲ. ಮನೆಯ ಹಿರಿಯರ ನೆನಪುಗಳನ್ನು ಮಕ್ಕಳು ಇಂದೇ ಕನ್ನಡದಲ್ಲಿ ಬರೆದಿಟ್ಟರೆ, ಗಡಿನಾಡಿನ ಮನೆಗಳಿಗೂ ಒಂದೊಂದು ಶಾಸನ ದೊರೆತಂತೆ.