ಮೂತಿ ಎತ್ತಿದ ಟ್ರ್ಯಾಕ್ಟರ್

ನಮ್ಮ ಅಣ್ಣನ ಮಗನಿಗೆ ಮನೆಯವರು ಹೆಣ್ಣು ನೋಡಲು ಹೊರಟಿದ್ದ ವರ್ಷ ಅವನು ಟ್ರ್ಯಾಕ್ಟರ್ ನೋಡಲು ಹೊರಟ. ಅದೂ ಹೊಲ ಉಳುವುದಕ್ಕಲ್ಲ, ಜಗ್ಗಾಟಕ್ಕೆ. ಎರಡು ಟ್ರ್ಯಾಕ್ಟರುಗಳನ್ನು ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸಿ, ನಡುವೆ ಸರಪಳಿ ಬಿಗಿದು, ಯಾರು ಯಾರನ್ನು ಎಳೆದೊಯ್ಯುತ್ತಾರೆ ಎಂದು ನೋಡುವ ಆಟ. ಪಂಜಾಬಿನವರು ಇದನ್ನು ಟೋಚನ್ ಎನ್ನುತ್ತಾರೆ. ಹುಡುಗ ಇದನ್ನು ಮೊಬೈಲಿನಲ್ಲಿ ನೋಡಿ ನೋಡಿ ತಲೆಗೆ ಏರಿಸಿಕೊಂಡಿದ್ದ.

ನಮ್ಮ ಸೀಮೆಗೆ ಪಂದ್ಯದ ಹುಚ್ಚು ಹೊಸದೇನಲ್ಲ. ಹೊನ್ನಾಳಿ, ನ್ಯಾಮತಿ ಕಡೆ ದೀಪಾವಳಿ ಕಳೆಯಿತೆಂದರೆ ಹೋರಿ ಬೆದರಿಸುವ ಹಬ್ಬ. ಕೊಬ್ಬರಿ ಸರ, ಬಲೂನು ಕಟ್ಟಿಕೊಂಡ ಹೋರಿಗಳ ಹಿಂದೆ ಊರಿಗೆ ಊರೇ ಓಡುತ್ತದೆ. ಬೆಳಗಾವಿ, ಬಾಗಲಕೋಟೆ ಕಡೆಯ ಜಾತ್ರೆಗಳಲ್ಲಿ ಟ್ರೇಲರ್ ಸಮೇತ ಟ್ರ್ಯಾಕ್ಟರನ್ನು ಹಿಂದಕ್ಕೆ ಓಡಿಸುವ ಸ್ಪರ್ಧೆಗೂ ಹಾಗೆಯೇ ಜನ ಸೇರುತ್ತಾರೆ. ಅದಕ್ಕೆ ಕೈಚಳಕ ಬೇಕು. ಜಗ್ಗಾಟಕ್ಕೆ ಬೇಕಾದದ್ದು ಬೇರೆ. ಅದೇನೆಂದು ತಿಳಿಯಲು ನಮ್ಮ ಮನೆಯವರು ತೆತ್ತ ಬೆಲೆ ಸಣ್ಣದಲ್ಲ.

ಅಣ್ಣನದು ಚನ್ನಗಿರಿಯಲ್ಲಿ ವೆಲ್ಡಿಂಗ್ ಅಂಗಡಿ. ಕೇಜ್‌ವೀಲ್, ಟ್ರೇಲರ್ ರಿಪೇರಿ, ಅಡಿಕೆ ಬೇಯಿಸುವ ಒಲೆಗೆ ಕಬ್ಬಿಣದ ಕೆಲಸ, ಹೀಗೆ ನಡೆಯುತ್ತದೆ. ನಾವು ಉರ್ದು ಶಾಲೆ ಮುಗಿಸಿ ಕನ್ನಡದ ಕಡೆ ಹೊರಳಿ ಕಥೆ ಬರೆಯತೊಡಗಿದೆವು. ಅಣ್ಣ ಉರ್ದು ಶಾಲೆಯಿಂದ ನೇರವಾಗಿ ಅಂಗಡಿಗೆ ಹೋದ. ಅಂಗಡಿಯ ಹಿಂದೆ ಅಬ್ಬಾನ ಕಾಲದ ಎಚ್‌ಎಂಟಿ ಜೀಟರ್ ಒಂದರ ಅಸ್ಥಿಪಂಜರ ಇನ್ನೂ ಬಿದ್ದಿದೆ. ಆ ಕಂಪನಿಯ ಕೇಂದ್ರ ಕಚೇರಿ ನಮ್ಮ ಬೆಂಗಳೂರಿನಲ್ಲಿ, ಟ್ರ್ಯಾಕ್ಟರ್ ಕಾರ್ಖಾನೆ ಹರಿಯಾಣದ ಪಿಂಜೋರಿನಲ್ಲಿ, ವಿದ್ಯೆ ಜೆಕೊಸ್ಲೊವಾಕಿಯಾದ್ದು. 1971ರಲ್ಲಿ ಶುರುವಾದ ಆ ಕೆಲಸವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು.

ಹುಡುಗನ ಮೊದಲ ಲೆಕ್ಕಾಚಾರ, ಆ ಗುಜರಿಯಿಂದಲೇ ಒಂದು ಗಾಡಿ ಕಟ್ಟುವುದು. ಒಂದರ ಎಂಜಿನ್, ಇನ್ನೊಂದರ ಗೇರ್‌ಬಾಕ್ಸ್.

"ಕಟ್ಟಬಹುದು ಬೇಟಾ. ಆರ್‌ಸಿ ಯಾರ ಹೆಸರಿಗೆ ಮಾಡಿಸ್ತೀಯ?" ಎಂದ ಅಣ್ಣ. ಎಂಜಿನ್ ನಂಬರು, ಚಾಸಿ ನಂಬರು ಎರಡೂ ಪುಸ್ತಕದಲ್ಲಿದ್ದಂತೆ ಇರದಿದ್ದರೆ ರಸ್ತೆಗೆ ಇಳಿಸುವಂತಿಲ್ಲ. ಜಗ್ಗಾಟ ಹೊಲದಲ್ಲೇ ನಡೆದರೂ ಹೊಲದವರೆಗೆ ರಸ್ತೆಯಲ್ಲೇ ಹೋಗಬೇಕಲ್ಲ. ಅಮೆರಿಕದಲ್ಲಿ ಹೀಗೆ ಕಟ್ಟಿದ ಗಾಡಿಗಳನ್ನು ಲಾರಿಯ ಮೇಲೆ ಹೊತ್ತು ತರುತ್ತಾರಂತೆ. ಅಲ್ಲಿ 1969ರಲ್ಲೇ ಇದಕ್ಕೊಂದು ರಾಷ್ಟ್ರೀಯ ಸಂಘ ಹುಟ್ಟಿ ನಿಯಮ ಮಾಡಿತು. ಅಲ್ಲಿ ಟ್ರ್ಯಾಕ್ಟರಿಗೆ ಟ್ರ್ಯಾಕ್ಟರ್ ಕಟ್ಟುವುದಿಲ್ಲ, ಒಂದು ಜಾರುಬಂಡಿ ಕಟ್ಟುತ್ತಾರೆ. ಎಳೆದಂತೆಲ್ಲ ಬಂಡಿಯ ಮೇಲಿನ ತೂಕದ ಪೆಟ್ಟಿಗೆ ಮುಂದಕ್ಕೆ ಸರಿದು ಭಾರ ಹೆಚ್ಚುತ್ತ ಹೋಗುತ್ತದೆ. 300 ಅಡಿ ಎಳೆದವನು ಗೆದ್ದ. ನಮ್ಮಲ್ಲಿ, ನಾವು ನೋಡಿದ ಮಟ್ಟಿಗೆ, ಕೊಯ್ಲಾದ ಹೊಲ, ಒಂದು ಸರಪಳಿ, ಸುತ್ತ ಜನ, ಅಷ್ಟೆ.

ಸರಿ, ಕೊಳ್ಳುವುದೆಂದಾಯಿತು. ಹೊಸದು ಫೈನಾನ್ಸಿನಲ್ಲಿ ಸಿಗುತ್ತದೆ. ಬಡ್ಡಿಯ ಬಾಗಿಲು ತಟ್ಟುವುದಿಲ್ಲ ಎಂದು ಅಣ್ಣ ಹಟ ಹಿಡಿದ. ನಾವು ಕೈಗಡವಾಗಿ ಸ್ವಲ್ಪ ಕೊಟ್ಟೆವು. ಉಳಿದದ್ದು ಭಾಬಿಯ ಬಳೆ. ಅಡವಿಟ್ಟರೂ ಬಡ್ಡಿಯೇ ಎಂದು ಆಕೆ ನಾಲ್ಕರಲ್ಲಿ ಎರಡನ್ನು ಮಾರಿಬಿಟ್ಟರು. ಮಗ ಹೊಲದವರ ಬಾಡಿಗೆ ಕೆಲಸವನ್ನೂ ಮಾಡಬೇಕು ಎನ್ನುವುದು ಅವರ ಷರತ್ತು.

ಸೆಕೆಂಡ್‌ಹ್ಯಾಂಡ್ ಗಾಡಿ ಎಲ್ಲಿ ಕೊಳ್ಳಬೇಕೆಂಬುದು ಒಂದು ವಿದ್ಯೆ. ಹೊನ್ನಾಳಿ ಕಡೆಯದು ತುಂಗಭದ್ರೆಯ ನೀರು, ಭದ್ರಾ ನಾಲೆಯ ನೀರು ಉಂಡ ಭತ್ತದ ಗದ್ದೆ. ಅಲ್ಲಿ ಕೆಸರು ತುಳಿದ ಗಾಡಿಯ ಆಕ್ಸಲ್‌ಗೆ ನೀರು ಇಳಿದಿರುತ್ತದೆ, ಆಯಿಲ್ ಸೀಲು ಹೋಗಿರುತ್ತವೆ. ಆಯಿಲ್ ಬಿಚ್ಚಿ ನೋಡಿದರೆ ಹಾಲಿನಂತೆ ಬೆಳ್ಳಗೆ. ಅದಕ್ಕೇ ಅಣ್ಣ ನಮ್ಮನ್ನೂ ಕೂರಿಸಿಕೊಂಡು ಜಗಳೂರಿಗೆ ಹೊರಟ. ಮಳೆಯನ್ನೇ ನಂಬಿದ ಮೆಕ್ಕೆಜೋಳ, ಶೇಂಗಾದ ನೆಲ ಅದು.

"ನೋಡ್ರಿ ಸಾಬ್ರೆ, ನಮ್ಮೂರಾಗೆ ಮನುಷ್ಯರಿಗೇ ನೀರಿಲ್ಲ, ಇನ್ನು ಟ್ಯಾಕ್ಟ್ರಿಗೆಲ್ಲಿ ನೀರು ಹೊಕ್ಕತ್ರಿ" ಎಂದ ಮಾರುವ ಗೌಡರ ಮಾತಿಗೆ ನಾವು ನಕ್ಕೆವು. ಆಮೇಲೆ ನಕ್ಕದ್ದಕ್ಕೆ ನಾಚಿಕೆಯಾಯಿತು.

ಗಾಡಿ ಕೆಂಪು ಬಣ್ಣದ ಹಳೆಯ ಮ್ಯಾಸ್ಸಿ 1035. ಅಣ್ಣ ಮೊದಲು ಎಂಜಿನ್ ಮೇಲೆ ಕೈಯಿಟ್ಟು ನೋಡಿದ. ನಾವು ಬರುವ ಮುಂಚೆಯೇ ಬಿಸಿ ಮಾಡಿಟ್ಟಿದ್ದರೆ ಚಳಿಯ ಸ್ಟಾರ್ಟಿಂಗ್ ಹೇಗಿದೆಯೆಂದು ಗೊತ್ತಾಗುವುದಿಲ್ಲ. ತಣ್ಣಗಿತ್ತು. ಬ್ರೀದರ್ ಪೈಪಿನ ಹೊಗೆ ನೋಡಿದ, ಮೇಲಿನ ಗೇರಿಗೆ ಹಾಕಿ ಬ್ರೇಕು ತುಳಿದು ಕ್ಲಚ್ ಬಿಟ್ಟ. ಎಂಜಿನ್ ಆಫ್ ಆಯಿತು. ಆಫ್ ಆಗದೆ ಗುರ್ ಎನ್ನುತ್ತಿದ್ದರೆ ಕ್ಲಚ್ ಪ್ಲೇಟು ಸವೆದಿದೆ ಎಂದರ್ಥ. ಗಂಟೆ ತೋರಿಸುವ ಮೀಟರಿನ ಕಡೆ ಕಣ್ಣೂ ಹಾಯಿಸಲಿಲ್ಲ. ಆರ್‌ಸಿಯಲ್ಲಿ ಹಳೆಯ ಸಾಲದ ನಮೂದು ತೆಗೆಸಿರಲಿಲ್ಲ. ಅದನ್ನು ತೆಗೆಸಿಕೊಟ್ಟ ಮೇಲಷ್ಟೇ ದುಡ್ಡು ಎಂದ. ಅದಕ್ಕೇ ಒಂದೂವರೆ ತಿಂಗಳು ಹಿಡಿಯಿತು.

2022ರ ಬೇಸಿಗೆಯಲ್ಲಿ ಗಾಡಿ ಮನೆಗೆ ಬಂತು. ಹುಡುಗನಿಗೆ ಎಚ್‌ಪಿಯದೇ ಚಿಂತೆ. ಪಂಪು ತಿರುಗಿಸಿ ಡೀಸೆಲ್ ಹೆಚ್ಚು ಬಿಡಬೇಕು, ಸೈಲೆನ್ಸರ್ ಬದಲಿಸಬೇಕು ಎನ್ನುತ್ತಿದ್ದ. ಅಣ್ಣ ಕೈ ಮುಟ್ಟಲು ಬಿಡಲಿಲ್ಲ. ಗಾಲಿ ನೆಲ ಕಚ್ಚದಿದ್ದರೆ ಎಚ್‌ಪಿ ಎಲ್ಲಾ ಧೂಳಾಗುತ್ತದೆ ಎಂದ. ಹಿಂದಿನ ಟೈರುಗಳ ಮುಕ್ಕಾಲು ಭಾಗಕ್ಕೆ ನೀರು ತುಂಬಿಸಿದ. ಒಂದೊಂದಕ್ಕೂ ನೂರು ಲೀಟರಿಗಿಂತ ಹೆಚ್ಚೇ ಹಿಡಿಯಿತು. ಮೂತಿಗೆ ಕಟ್ಟಲು ಕಬ್ಬಿಣದ ತುಂಡುಗಳನ್ನೂ ಅಳತೆ ಮಾಡಿಟ್ಟ. ಆದರೆ ಅಡಿಕೆ ಸುಗ್ಗಿಯ ಕೆಲಸ ಮೇಲೆ ಬಿದ್ದು ಆ ತುಂಡುಗಳು ಅಂಗಡಿಯ ಮೂಲೆಯಲ್ಲೇ ಉಳಿದವು.

ಮರುವರ್ಷದ ಆರಂಭದಲ್ಲಿ ಹುಡುಗ ನಮ್ಮನ್ನು ನ್ಯಾಮತಿಯ ಹತ್ತಿರದ ಹೊಲವೊಂದಕ್ಕೆ ಕರೆದೊಯ್ದ. (ನ್ಯಾಮತಿ ನಮ್ಮ ಬಾಯಲ್ಲಿ ಇಂದಿಗೂ ಹೊನ್ನಾಳಿಯ ಹೋಬಳಿಯೇ. ತಾಲ್ಲೂಕಾಗಿ ಘೋಷಣೆಯಾದದ್ದು 2017ರ ಬಜೆಟ್ಟಿನಲ್ಲಿ.) ಮೆಕ್ಕೆಜೋಳ ಮುರಿದ ಹೊಲ. ಸೈಜುಗಲ್ಲು ತುಂಬಿದ ಟ್ರೇಲರ್ ಒಂದನ್ನು ಎಳೆದು ಅಭ್ಯಾಸ ಮಾಡುವುದು. ಅಣ್ಣ ತಡವಾಗಿ ಬರುವವನಿದ್ದ. ಜೊತೆಗಾರನೊಬ್ಬ, ಸರಪಳಿ ಮೇಲೆ ಕಟ್ಟಿದರೆ ಹಿಂದಿನ ಗಾಲಿಗೆ ಭಾರ ಬಿದ್ದು ಹಿಡಿತ ಬರುತ್ತದೆ ಎಂದ. ಹುಡುಗ ಕೆಳಗಿನ ಡ್ರಾಬಾರ್ ಬಿಟ್ಟು ಟಾಪ್ ಲಿಂಕಿನ ಜಾಗಕ್ಕೆ ಕೊಂಡಿ ಸಿಕ್ಕಿಸಿದ. ನಾವು ಪಕ್ಕದಲ್ಲೇ ನಿಂತಿದ್ದೆವು, ನಮಗೇನೂ ಹೊಳೆಯಲಿಲ್ಲ. ಚೆನ್ನಾಗಿ ಕಾಣುತ್ತಿದೆ ಎಂದು ಫೋಟೋ ತೆಗೆಯುತ್ತಿದ್ದೆವು.

ಕ್ಲಚ್ ಬಿಟ್ಟ. ಟ್ರೇಲರ್ ಕದಲಲಿಲ್ಲ, ಟ್ರ್ಯಾಕ್ಟರಿನ ಮೂತಿ ಎದ್ದಿತು. ಸಾವಿರದ ಏಳುನೂರು ಕಿಲೋದ ಕಬ್ಬಿಣ ಹೆದರಿದ ಕುದುರೆಯಂತೆ ಮುಂಗಾಲು ಎತ್ತಿ ನಿಂತಿತು. ಯಾರೋ "ಕ್ಲಚ್, ಕ್ಲಚ್" ಎಂದು ಕೂಗಿದರು. ಕಾಲು ಎಟುಕಿತೋ, ಎಂಜಿನ್ ತಾನೇ ನಿಂತಿತೋ, ಮುಂದಿನ ಗಾಲಿಗಳು ದಡ್ ಎಂದು ನೆಲಕ್ಕೆ ಬಿದ್ದವು. ಹುಡುಗನ ಗಲ್ಲ ಸ್ಟಿಯರಿಂಗಿಗೆ ಬಡಿದು ರಕ್ತ ಬಂತು.

ಅಷ್ಟರಲ್ಲಿ ಬಂದ ಅಣ್ಣ ಬೈಯಲಿಲ್ಲ. ಕೊಂಡಿ ಇದ್ದ ಜಾಗ ನೋಡಿ ಬದುವಿನ ಮೇಲೆ ಕುಳಿತುಬಿಟ್ಟ. ಬಹಳ ಹೊತ್ತಿನ ಮೇಲೆ ನೆಲದಲ್ಲಿ ಕಡ್ಡಿಯಿಂದ ಗೀರಿ ತೋರಿಸಿದ. ಆಕ್ಸಲ್‌ಗಿಂತ ಕೆಳಗೆ ಕಟ್ಟಿದ ಸರಪಳಿ ಗಾಡಿಯ ಮೂತಿಯನ್ನು ಹದ್ದಿನಲ್ಲಿ ಇಡುತ್ತದೆ. ಮೇಲೆ ಕಟ್ಟಿದರೆ ಅದೇ ಸರಪಳಿ ಬೆನ್ನು ಹಿಡಿದು ಮಗುಚುತ್ತದೆ. ಪೂರ್ತಿ ಮಗುಚಲು ಒಂದೂವರೆ ಸೆಕೆಂಡು ಸಾಕು. ಕೂತವನ ತಲೆಯ ಹಿಂದೆ ಉಕ್ಕಿನ ಕಮಾನು ನಮ್ಮ ಕಡೆಯ ಹಳೆಯ ಗಾಡಿಗಳಿಗೆ ಎಲ್ಲಿದೆ?

ಅದೇ ವರ್ಷದ ಅಕ್ಟೋಬರಿನಲ್ಲಿ ಪಂಜಾಬಿನ ಗುರ್ದಾಸ್‌ಪುರ ಜಿಲ್ಲೆಯಲ್ಲಿ ಯುವಕನೊಬ್ಬ ಟ್ರ್ಯಾಕ್ಟರಿನ ಮೂತಿ ಎತ್ತಿಸುವ ಸಾಹಸ ಮಾಡುತ್ತ ಅದರಡಿಯೇ ಸತ್ತ. ಅಲ್ಲಿನ ಸರ್ಕಾರ ಟ್ರ್ಯಾಕ್ಟರ್ ಸಾಹಸಗಳನ್ನು ನಿಷೇಧಿಸಿತು. ಸುದ್ದಿ ಓದಿದ ದಿನ ನಾವು ಆ ಫೋಟೋವನ್ನು ಮೊಬೈಲಿನಿಂದ ಅಳಿಸಿದೆವು. ಹೋರಿ, ಕೋಣಗಳ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2014ರಲ್ಲಿ ಒಂದು ತೀರ್ಪು, 2023ರಲ್ಲಿ ಇನ್ನೊಂದು ತೀರ್ಪು ಬಂತು. ಟ್ರ್ಯಾಕ್ಟರ್ ಮೇಲೆ ಕೂತ ಹುಡುಗರ ಬಗ್ಗೆ ನಮ್ಮಲ್ಲಿ ಯಾರೂ ಅಷ್ಟು ವಾದ ಮಾಡಿದ್ದನ್ನು ನಾವು ಕೇಳಿಲ್ಲ.

ಇಷ್ಟಾದರೂ ಹುಡುಗ ಬಿಡಲಿಲ್ಲ. ಅಣ್ಣನೂ ಬಿಡಿಸಲಿಲ್ಲ, ಇದು ನಮಗೆ ಇನ್ನೂ ಅರ್ಥವಾಗಿಲ್ಲ. ಎಲ್ಲರೂ ಹಾಕಿದ ಹಣವನ್ನು ಗೆದ್ದವನು ಒಯ್ಯುವ ಪಂದ್ಯವಾದರೆ ಅದು ಜೂಜು, ಹೋಗಬೇಡ. ಊರಿನ ದಾನಿಗಳು ಇನಾಮು ಕೊಡುವುದಾದರೆ ಹೋಗು ಎಂದಷ್ಟೇ ಹೇಳಿದ. ಮೂತಿಗೆ ಕಬ್ಬಿಣ ಕಟ್ಟಿಕೊಟ್ಟ. ಸೀಟಿನ ಹಿಂದೆ ಒಂದು ಕಮಾನು ಬೆಸೆದ, ಅದನ್ನು ಪೂರ್ತಿ ನಂಬಬೇಡ ಎಂದೂ ಹೇಳಿದ. ವರ್ಷವಿಡೀ ಗಾಡಿ ಮೆಕ್ಕೆಜೋಳದ ಒಕ್ಕಣೆ, ಅಡಿಕೆ ಸಾಗಾಟ ಎಂದು ದುಡಿಯಿತು. ಒಂದು ಬಳೆ ವಾಪಸ್ ಬಂದಿದೆ.

ಹೊನ್ನಾಳಿ ಕಡೆಯ ಹಳ್ಳಿಯೊಂದರಲ್ಲಿ ಅವನು ಮೊದಲ ಸಲ ಜಗ್ಗಾಟಕ್ಕಿಳಿದು ಎರಡನೇ ಸುತ್ತಿನಲ್ಲೇ ಸೋತ. ಎದುರಿನದು ಐವತ್ತು ಎಚ್‌ಪಿಯ ಗಾಡಿ. ರಾತ್ರಿ ಮನೆಗೆ ಬಂದಾಗ ಭಾಬಿ ಅಂಗಳದಲ್ಲಿ ಕಾಯುತ್ತಿದ್ದರು. ಸೋತೆಯೋ ಗೆದ್ದೆಯೋ ಎಂದು ಕೇಳಲಿಲ್ಲ. ಟಾರ್ಚು ಹಿಡಿದು ಗಾಡಿಯ ಹಿಂದಕ್ಕೆ ಹೋಗಿ, "ಸರಪಳಿ ಎಲ್ಲಿ ಕಟ್ಟಿದ್ದೆ, ತೋರಿಸು" ಎಂದರು. ಹುಡುಗ ಬಗ್ಗಿ ಕೆಳಗಿನ ಡ್ರಾಬಾರಿನ ಮೇಲೆ ಕೈಯಿಟ್ಟ.