ಹಳದಿ ದೀಪ ಆರಿದ ಮೇಲೆ

ಬಿಟ್ಟುಬಿಟ್ಟು ಬರುವ ಜ್ವರವನ್ನು ಆಯುರ್ವೇದ ವಿಷಮಜ್ವರವೆಂದು ಕರೆಯುತ್ತದೆ. ಮೂರನೆಯ ದಿನ ಮರುಕಳಿಸುವುದು ತೃತೀಯಕ, ನಾಲ್ಕನೆಯ ದಿನದ್ದು ಚಾತುರ್ಥಿಕ. ಜ್ವರ ಇರುವ ಹೊತ್ತಿನಷ್ಟೇ ಅದು ಇಲ್ಲದ ಹೊತ್ತೂ ರೋಗದ ಗುರುತು ಹೇಳುತ್ತದೆ ಎಂಬ ತಿಳಿವಳಿಕೆ ಆ ಹೆಸರುಗಳಲ್ಲೇ ಇದೆ. ಕಾರಿನ ಮುಂಫಲಕದಲ್ಲಿ ಆಗೊಮ್ಮೆ ಈಗೊಮ್ಮೆ ಮೂಡಿ ಮಾಯವಾಗುವ ಎಂಜಿನ್ ಚಿತ್ರದ ಹಳದಿ ದೀಪವನ್ನೂ ಹಾಗೆಯೇ ನೋಡಬೇಕೆಂದು ಕಳೆದ ಮಳೆಗಾಲ ನನಗೆ ಮನವರಿಕೆಯಾಯಿತು.

ನಮ್ಮದು ಹತ್ತು ವರ್ಷ ಹಳೆಯ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ಎಪ್ಪತ್ತೆಂಟರ ಅವ್ವ ಪುಣೆಯಲ್ಲಿ ನಮ್ಮೊಡನಿದ್ದಾಳೆ. ಆಕೆ ನಂಬುವ ಹೃದಯವೈದ್ಯರು ಮಾತ್ರ ಧಾರವಾಡದಲ್ಲಿದ್ದಾರೆ. ಹೀಗಾಗಿ ಒಂದೂವರೆ ತಿಂಗಳಿಗೊಮ್ಮೆ ನಾನೂರು ಕಿಲೋಮೀಟರಿಗೂ ಮಿಕ್ಕಿದ ಆ ದಾರಿ ನಮಗೆ ತಪ್ಪಿದ್ದಲ್ಲ. ಕಾತ್ರಜ, ಶಿರವಳ ದಾಟಿ ಖಂಬಾಟಕಿ ಘಾಟಿನ ಏರು ಹಿಡಿದೊಡನೆ ಎಂಜಿನ್ ಬಿಕ್ಕಿದಂತೆ ನಡುಗುತ್ತಿತ್ತು, ದೀಪ ಮಿಟುಕುತ್ತಿತ್ತು. "ಆ ದೀಪ ಮತ್ತ ಹತ್ತಿತೇನಪಾ?" ಎಂದು ಹಿಂದಿನ ಸೀಟಿನಿಂದ ಅವ್ವ ಕೇಳುತ್ತಿದ್ದಳು. ಹಿಂದೆ ಲಾರಿಗಳ ಸಾಲು, ಪಕ್ಕದಲ್ಲಿ ಕಂದರ, ನಿಲ್ಲಿಸಲು ಜಾಗವಿಲ್ಲ. ಘಾಟು ಇಳಿದು ಸಾತಾರ ಸಮೀಪಿಸುವಷ್ಟರಲ್ಲಿ ಎಲ್ಲವೂ ನಿರಾಳ. ಮರಳುವಾಗಲಂತೂ ಏನೂ ಇಲ್ಲ. ಪುಣೆಯ ಕಡೆಗೆ ನಾವು ಬರುತ್ತಿದ್ದುದು ಸುರಂಗದ ದಾರಿಯಲ್ಲಿ, ಆ ಕಡಿದಾದ ಏರಿನಲ್ಲಲ್ಲ.

ಈ ದಾರಿಯಲ್ಲಿ ಊರಿಗೆ ಹೋಗಿಬರುವ ಬಳಗದ ಸ್ನೇಹಿತರು ಒಂದು ಭೇದವನ್ನು ನೆನಪಿಡುವುದು ಒಳ್ಳೆಯದು. ದೀಪ ಸ್ಥಿರವಾಗಿ ಉರಿಯುತ್ತಿದ್ದು, ಎಂಜಿನ್ ಸಹಜವಾಗಿದ್ದು, ಬಿಸಿ ಮತ್ತು ಎಣ್ಣೆಯ ಸೂಚನೆಗಳು ಸರಿಯಿದ್ದರೆ ನಿಧಾನವಾಗಿ ಮುಂದುವರಿದು ಬೇಗ ತೋರಿಸಬಹುದು. ಮಿಟುಕತೊಡಗಿದರೆ ಮಾತು ಬೇರೆ. ಯಾವುದೋ ಸಿಲಿಂಡರಿನಲ್ಲಿ ಕಿಡಿ ತಪ್ಪಿ, ಉರಿಯದ ಪೆಟ್ರೋಲ್ ಹೊಗೆಕೊಳವೆಗೆ ಇಳಿಯುತ್ತಿದೆ, ಅಲ್ಲಿರುವ ಕೆಟಲಿಟಿಕ್ ಕನ್ವರ್ಟರ್ ಅತಿಯಾಗಿ ಕಾಯುತ್ತಿದೆ ಎಂದು ಅರ್ಥ. ಆಗ ಆಕ್ಸಿಲರೇಟರಿನಿಂದ ಕಾಲು ಸಡಿಲಿಸಿ, ಸುರಕ್ಷಿತ ಜಾಗ ಸಿಕ್ಕೊಡನೆ ನಿಲ್ಲಿಸಬೇಕು. ಈ ದೀಪ ಹುಟ್ಟಿದ್ದೇ ಹೊಗೆಯ ಕಾವಲಿಗೆ. ಲಾಸ್ ಏಂಜಲೀಸಿನ ಕೆಟ್ಟ ಗಾಳಿಯಿಂದ ಕಂಗೆಟ್ಟ ಕ್ಯಾಲಿಫೋರ್ನಿಯಾ ಇದನ್ನು ಮೊದಲು ಕಡ್ಡಾಯಗೊಳಿಸಿತು. 1996ರಿಂದ ಅಮೆರಿಕದ ಎಲ್ಲ ಕಾರುಗಳಿಗೂ ಒಬಿಡಿ-2 ಎಂಬ ಒಂದೇ ಬಗೆಯ ವ್ಯವಸ್ಥೆ ಬಂತು. ನಮ್ಮಲ್ಲಿ ಅದು ಬಂದದ್ದು 2013ರಲ್ಲಿ. ವಾಹನಗಳನ್ನು ಪರೀಕ್ಷಿಸಿ ಪ್ರಮಾಣೀಕರಿಸುವ ಎಆರ್‌ಎಐ ಸಂಸ್ಥೆ ಪುಣೆಯ ವೇತಾಳ ಟೇಕಡಿಯ ಮೇಲೆಯೇ ಇದೆ. ಬೆಳಗಿನ ವಾಯುವಿಹಾರಕ್ಕೆ ಬರುವವರು ಗುಡ್ಡವನ್ನೇ ಎಆರ್‌ಎಐ ಟೇಕಡಿ ಎನ್ನುತ್ತಾರೆ.

ಸರ್ವಿಸ್ ಸೆಂಟರಿನಲ್ಲಿ ಎರಡು ಸಲ ಕಾರು ಬಿಟ್ಟೆ. ಎರಡು ಸಲವೂ ಯಂತ್ರ ಜೋಡಿಸಿ, ಕೋಡ್ ಅಳಿಸಿ, "ದೋಷ ಕಂಡುಬಂದಿಲ್ಲ" ಎಂದು ಬರೆದು ಬಿಲ್ ಕೊಟ್ಟರು. ಮತ್ತೆ ಬಂದರೆ ಎಂಜಿನ್ ಕಂಪ್ಯೂಟರನ್ನೇ ಬದಲಿಸಬೇಕಾದೀತೆಂಬ ಸೂಚನೆಯೂ ಸಿಕ್ಕಿತು. ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಕಡತ ವಿಲೇವಾರಿಯಾಗಿತ್ತು, ಅರ್ಜಿದಾರ ಹೊರಗೇ ನಿಂತಿದ್ದ.

ಹಡಪಸರದ ಬಳಿ ಸಣ್ಣ ಗ್ಯಾರೇಜು ಇಟ್ಟುಕೊಂಡಿರುವ ಮಿಸ್ತ್ರಿಯೊಬ್ಬ ಅಕ್ಕಲಕೋಟೆ ಕಡೆಯವನು. ನನ್ನ ಮರಾಠಿ ಕೇಳಿ ಎರಡನೆಯ ವಾಕ್ಯಕ್ಕೇ ಕನ್ನಡಕ್ಕೆ ಹೊರಳಿದ. ಆತನ ಮೊದಲ ಪ್ರಶ್ನೆಯೇ, "ಕೋಡ್ ಯಾರರ ಅಳಿಸ್ಯಾರೇನ್ರಿ ಸಾಹೇಬ್ರ?" ಹೌದೆಂದೆ. "ಹಂಗಾರ ಸಾಕ್ಷೀನ ಇಲ್ಲದಂಗ ಆತು," ಎಂದ. ಆ ಮಾತು ನೂರಕ್ಕೆ ನೂರು ನಿಜ. ದೋಷ ದಾಖಲಾದ ಕ್ಷಣದ ವೇಗ, ಎಂಜಿನ್ನಿನ ಸುತ್ತು, ಅದರ ಮೇಲಿನ ಹೊರೆ, ನೀರಿನ ಬಿಸಿ ಇವೆಲ್ಲವನ್ನೂ ಕಂಪ್ಯೂಟರು ಒಂದು ಚೌಕಟ್ಟಿನಲ್ಲಿ ಹಿಡಿದಿಡುತ್ತದೆ. ಕೋಡ್ ಅಳಿಸಿದರೆ ಅದೂ ಅಳಿಯುತ್ತದೆ. ದೀಪ ತಾನಾಗಿಯೇ ಆರಿದರೆ ಮಾತ್ರ ಕೋಡ್ ಒಳಗೆ ಬಹುಕಾಲ ಉಳಿದಿರುತ್ತದೆ.

ಮುಂದಿನ ಪ್ರಯಾಣ ಮುಗಿಸಿ, ಏನನ್ನೂ ಅಳಿಸದೆ ಆತನ ಬಳಿಗೆ ಹೋದೆ. ಸ್ಟಿಯರಿಂಗಿನ ಕೆಳಗಿನ ಹದಿನಾರು ಪಿನ್ನಿನ ಕಿಂಡಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಬ್ಲೂಟೂತ್ ಸಾಧನ ಸಿಕ್ಕಿಸಿ ಮೊಬೈಲಿನಲ್ಲಿ ನೋಡಿದ. ಪಿ 0302: ಎರಡನೆಯ ಸಿಲಿಂಡರಿನಲ್ಲಿ ಮಿಸ್‌ಫೈರ್. ಹೊರೆ ಹೆಚ್ಚು, ವೇಗ ಕಡಿಮೆ. ಘಾಟಿನ ಏರು ಅಂಕಿಗಳಲ್ಲಿ ಮೂಡಿತ್ತು. ಇಷ್ಟಾದರೂ ಕೋಡ್ ಹೇಳುವುದು ದೋಷದ ಜಾಗವನ್ನೇ ಹೊರತು ಕಾರಣವನ್ನಲ್ಲ; ಸ್ಪಾರ್ಕ್ ಪ್ಲಗ್ ಇರಬಹುದು, ಇಂಜೆಕ್ಟರ್ ಇರಬಹುದು, ಕಿಡಿಗೆ ವಿದ್ಯುತ್ ಕೊಡುವ ಕಾಯಿಲ್ ಇರಬಹುದು. ಮಿಸ್ತ್ರಿ ಹೊಸದೇನನ್ನೂ ಕೊಳ್ಳಲಿಲ್ಲ. ಎರಡನೆಯ ಸಿಲಿಂಡರಿನ ಕಾಯಿಲನ್ನು ನಾಲ್ಕಕ್ಕೂ ನಾಲ್ಕರದನ್ನು ಎರಡಕ್ಕೂ ಹಾಕಿದ. ಮಳೆ ಹಿಡಿದ ಒಂದು ಭಾನುವಾರ ಗ್ಯಾರೇಜಿನ ಇಬ್ಬರು ಹುಡುಗರನ್ನೂ ಕೂರಿಸಿಕೊಂಡು, ಜ್ಞಾನೇಶ್ವರರ ಪಾಲಖಿ ಏರುವ ದಿವೇ ಘಾಟಿಗೆ ಹೊರಟೆವು. ಅರ್ಧ ಏರುವಷ್ಟರಲ್ಲಿ ಎಂಜಿನ್ ಬಿಕ್ಕಿತು. ಆತನ ಮೊಬೈಲಿನಲ್ಲಿ ಈಗ ಪಿ 0304.

ದೋಷ ಕಾಯಿಲಿನ ಜೊತೆಗೇ ಜಾಗ ಬದಲಿಸಿತ್ತು.

ಗ್ಯಾರೇಜಿಗೆ ಮರಳಿ ಕಾಯಿಲನ್ನು ಕಳಚಿ ಟಾರ್ಚ್ ಬಿಟ್ಟಾಗ ಅದರ ರಬ್ಬರ್ ಕೊಳವೆಯ ಮೇಲೆ ಕೂದಲೆಳೆಯಷ್ಟು ಬಿರುಕು, ಅದರಗುಂಟ ಸಣ್ಣ ಕಪ್ಪು ಗೆರೆ. ಏರಿನಲ್ಲಿ ಸಿಲಿಂಡರಿನೊಳಗಿನ ಒತ್ತಡ ಹೆಚ್ಚುತ್ತದೆ. ಕಿಡಿ ಹಾರಲು ಹೆಚ್ಚಿನ ವೋಲ್ಟೇಜ್ ಬೇಕು. ತೇವವೂ ಕೂಡಿದಾಗ ಆ ವಿದ್ಯುತ್ತು ಪ್ಲಗ್ಗಿನ ತುದಿಗೆ ಹೋಗದೆ ಬಿರುಕಿನಿಂದ ಪಕ್ಕದ ಲೋಹಕ್ಕೆ ಹರಿದುಬಿಡುತ್ತಿತ್ತು. ಬಯಲಿನಲ್ಲಿ, ಬಿಸಿಲಿನಲ್ಲಿ, ಸರ್ವಿಸ್ ಸೆಂಟರಿನ ಒಣ ನೆಲದ ಮೇಲೆ ಅದು ಕಾಣುವಂತೆಯೇ ಇರಲಿಲ್ಲ.

ಹೊಸ ಕಾಯಿಲಿಗೆ ಎರಡು ಸಾವಿರದ ಚಿಲ್ಲರೆ ಆಯಿತು. ದುಡಿಮೆಗೆಂದು ಆತ ಕೇಳಿದ್ದು ಮುನ್ನೂರು. ದಿವೇ ಘಾಟಿನ ಪ್ರಯಾಣವನ್ನು ಲೆಕ್ಕಕ್ಕೆ ಹಿಡಿಯಲೇ ಇಲ್ಲ, ನಾನೇ ಒತ್ತಾಯದಿಂದ ಕೊಟ್ಟೆ. ಕೋಡನ್ನು ಈಗಲಾದರೂ ಅಳಿಸಬಾರದೇ ಎಂದು ಕೇಳಿದ್ದಕ್ಕೆ ತಲೆಯಾಡಿಸಿದ. "ಇರಲಿ ಬಿಡ್ರಿ. ಖರೇನ ನಟ್ಟಗಾಗಿದ್ರ ತಾನ ಹೋಗ್ತದ." ದೋಷ ಮರುಕಳಿಸದಿದ್ದರೆ ಸಾಮಾನ್ಯವಾಗಿ ಸತತ ಮೂರು ಓಟಗಳಲ್ಲಿ ದೀಪ ಆರುತ್ತದೆ, ಎಂಜಿನ್ ನಲವತ್ತು ಸಲ ತಣ್ಣಗಾಗಿ ಮತ್ತೆ ಕಾದ ಮೇಲೆ ಕೋಡೂ ನೆನಪಿನಿಂದ ಜಾರುತ್ತದೆ. ಅಂಥದೇ ಒಂದು ಸಾಧನ ಕೊಂಡು ವಾರಕ್ಕೊಮ್ಮೆ ನೋಡುತ್ತಿದ್ದೆ. ದೀಪಾವಳಿಗೆ ಅವ್ವನನ್ನು ಕರೆದುಕೊಂಡು ಧಾರವಾಡಕ್ಕೆ ಹೋಗಿಬಂದ ಮರುವಾರ ನೋಡಿದಾಗ ಪಟ್ಟಿ ಖಾಲಿಯಾಗಿತ್ತು.